ಗುಂಪಿನಲ್ಲಿ ಗೋವಿಂದ ಅನ್ನಲಾಗದ ಕಾಳಗ

‘ಗುಂಪಿನಲ್ಲಿ ಗೋವಿಂದ’ ಎಂಬ ಮಾತು ನಮ್ಮ ಕಾಲೇಜುಗಳಲ್ಲಿ ದಿನವೂ ನಿಜವಾಗುತ್ತದೆ. ಪ್ರಾಜೆಕ್ಟ್ ಐದು ಜನರ ಹೆಸರಿನಲ್ಲಿರುತ್ತದೆ, ಬರೆಯುವವರು ಒಬ್ಬರೋ ಇಬ್ಬರೋ. ಸಹಿ ಮಾತ್ರ ಐದೂ ಜನರದ್ದು, ಅಂಕವೂ ಐದೂ ಜನರಿಗೆ ಒಂದೇ. ಕೂಡಿ ಕೆಲಸ ಮಾಡುವುದನ್ನು ಕಲಿಸಲು ತಂದ ಪದ್ಧತಿ, ಗುಂಪಿನೊಳಗೆ ಅಡಗಿಕೊಳ್ಳುವುದನ್ನು ಕಲಿಸಿ ಕಳಿಸುತ್ತಿದೆ. ಮೊದಲ ಸಂದರ್ಶನದಲ್ಲಿ ‘ಆ ತಂಡದಲ್ಲಿ ನೀವು ಮಾಡಿದ್ದೇನು?’ ಎಂದು ಕೇಳಿದಾಗ ಬಹಳಷ್ಟು ಮಂದಿ ತಡವರಿಸುವುದು ಇಂಗ್ಲಿಷ್ ಬಾರದ್ದಕ್ಕಲ್ಲ, ಹೇಳಲು ಏನೂ ಇಲ್ಲದ್ದಕ್ಕೆ.

ಗುಂಪಿನಲ್ಲಿ ಅಡಗಿಕೊಳ್ಳಲಾಗದ ಜಾಗವೊಂದನ್ನು ನಾನು ಕಂಡದ್ದು ಮೊಬೈಲ್ ಆಟದಲ್ಲಿ. ಹಿರಿಯರು ನಗಬಹುದು. ಆದರೂ ಇದನ್ನು ಬರೆಯಲೇಬೇಕು ಅನ್ನಿಸಿದೆ. ಏಕೆಂದರೆ ನಮ್ಮ ಮನೆಗಳಲ್ಲಿ ‘ಗೇಮ್’ ಎಂಬ ಒಂದೇ ಪದದಡಿ ಎಲ್ಲವನ್ನೂ ಸೇರಿಸಿ ಬೈಯುತ್ತಾರೆ. ಆಡುವವರೂ ಅದೇ ಒಂದು ಪದದಡಿ ಎಲ್ಲವನ್ನೂ ಸಮರ್ಥಿಸಿಕೊಳ್ಳುತ್ತಾರೆ. ಎರಡರಿಂದಲೂ ನಷ್ಟ ನಮಗೇ.

ನಾನು ಹೇಳುತ್ತಿರುವುದು ‘ಕ್ಲ್ಯಾಶ್ ಆಫ್ ಕ್ಲ್ಯಾನ್ಸ್’ ಬಗ್ಗೆ. ಫಿನ್ಲೆಂಡಿನ ಸೂಪರ್‌ಸೆಲ್ ಕಂಪನಿ 2012ರಲ್ಲಿ ಹೊರತಂದ ಆಟ. ಮಾಂತ್ರಿಕರು, ದೈತ್ಯರು, ಡ್ರ್ಯಾಗನ್‌ಗಳಿರುವ ಕಾಲ್ಪನಿಕ ಲೋಕ. ಪ್ರತಿಯೊಬ್ಬರಿಗೂ ಒಂದು ಹಳ್ಳಿ, ಗರಿಷ್ಠ 50 ಜನ ಸೇರಿದರೆ ಒಂದು ಕ್ಲ್ಯಾನ್. 2014ರಲ್ಲಿ ಈ ಆಟಕ್ಕೆ ‘ಕ್ಲ್ಯಾನ್ ವಾರ್’ ಸೇರಿತು. ಅಂದರೆ ಒಂದು ಗುಂಪು ಇನ್ನೊಂದು ಗುಂಪಿನ ಮೇಲೆ ಮಾಡುವ ಕಾಳಗ. ಜಿಯೊ ಸಿಮ್ ಬಂದ ಮರುವರ್ಷ, 2017ರಲ್ಲಿ, ದಾವಣಗೆರೆಯ ಹಾಸ್ಟೆಲ್ ಒಂದರಲ್ಲಿದ್ದ ನಾವು ಕೆಲವರು ಒಂದು ಕ್ಲ್ಯಾನ್ ಕಟ್ಟಿದೆವು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹುಡುಗರು. ಹಾಸ್ಟೆಲ್ ಬಿಟ್ಟು ಎಲ್ಲರೂ ಚದುರಿದರು, ಕ್ಲ್ಯಾನ್ ಮಾತ್ರ ಉಳಿದಿದೆ.

ಆಡದವರಿಗಾಗಿ ಕಾಳಗದ ನಿಯಮವನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಮೊದಲ ದಿನ ಸಿದ್ಧತೆಗೆ, ಮುಂದಿನ 24 ಗಂಟೆ ದಾಳಿಗೆ. ಒಬ್ಬರಿಗೆ ಎರಡೇ ದಾಳಿ, ಒಂದೊಂದು ಮೂರು ನಿಮಿಷದ್ದು. ಎದುರಾಳಿಯ ಒಂದು ಹಳ್ಳಿಯಿಂದ ಹೆಚ್ಚೆಂದರೆ ಮೂರು ನಕ್ಷತ್ರ ಗೆಲ್ಲಬಹುದು. ಕೊನೆಗೆ ಯಾವ ಗುಂಪಿನ ನಕ್ಷತ್ರ ಹೆಚ್ಚೋ ಆ ಗುಂಪು ಗೆದ್ದಂತೆ. ಇಬ್ಬರದೂ ಸಮ ಬಂದರೆ ಯಾರು ಹೆಚ್ಚು ಕೆಡವಿದರು ಎಂಬ ಶೇಕಡಾವಾರು ಲೆಕ್ಕ.

ಇಲ್ಲಿ ಗಮನಿಸಬೇಕಾದದ್ದು ಆ ಎರಡು ದಾಳಿ. 15 ಜನರ ಕಾಳಗದಲ್ಲಿ ಎಷ್ಟೇ ಬಲಿಷ್ಠ ಆಟಗಾರನಿದ್ದರೂ ಅವನಿಗೆ ಎರಡೇ ಅವಕಾಶ. ಉಳಿದ 28 ದಾಳಿಗಳನ್ನು ಉಳಿದವರೇ ಮಾಡಬೇಕು. ಪ್ರಾಜೆಕ್ಟ್‌ನಲ್ಲಿ ಆಗುವ ಹಾಗೆ ಜಾಣನೊಬ್ಬನ ತಲೆಗೆ ಎಲ್ಲವನ್ನೂ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. ಯಾರು ದಾಳಿ ಮಾಡಿದರು, ಯಾರು ಮಾಡಲಿಲ್ಲ, ಯಾರಿಗೆ ಎಷ್ಟು ನಕ್ಷತ್ರ ಬಂತು ಎಂಬುದು ಹೆಸರಿನ ಸಮೇತ ಎಲ್ಲರಿಗೂ ಕಾಣುತ್ತದೆ. ನಾಯಕನೂ ಆ ಪಟ್ಟಿಯಿಂದ ತಪ್ಪಿಸಿಕೊಳ್ಳಲಾರ.

ಇಷ್ಟು ವರ್ಷಗಳಲ್ಲಿ ನಮ್ಮ ಕ್ಲ್ಯಾನ್ ಕಲಿತ ಮೊದಲ ಪಾಠ ‘ಆಗಲ್ಲ’ ಎಂದು ಮೊದಲೇ ಹೇಳುವುದು. ಆಟದಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಹಸಿರು ಅಥವಾ ಕೆಂಪು ಗುರಾಣಿ ಇರುತ್ತದೆ. ಹಸಿರಿದ್ದರೆ ಕಾಳಗಕ್ಕೆ ಸಿದ್ಧ, ಕೆಂಪಿದ್ದರೆ ಈ ಸಲ ಬಿಟ್ಟುಬಿಡಿ ಎಂದರ್ಥ. ಚನ್ನಗಿರಿ ಕಡೆಯವರು ಅಡಿಕೆ ಕೊಯ್ಲಿನ ದಿನಗಳಲ್ಲಿ ಕೆಂಪಿಗೆ ಹೋಗುತ್ತಾರೆ. ‘ಮನೇಲಿ ಅಡಿಕೆ ಸುಲಿಯೋದಿದೆ ಕಣ್ರೋ, ಈ ವಾರ ನನ್ನ ಬಿಡ್ರಿ’ ಎಂಬ ಒಂದು ಸಾಲು ಸಾಕು. ಜಗಳೂರಿನ ಗೆಳೆಯನಿಗೆ ಕೊಳವೆಬಾವಿಯ ತ್ರೀಫೇಸ್ ಕರೆಂಟ್ ರಾತ್ರಿ ಬಂದರೆ ಹೊಲದಲ್ಲೇ ಜಾಗರಣೆ. ಅವನು ಮೋಟರ್ ಹಾಕಿ ಕುಳಿತು ನಡುರಾತ್ರಿಯಲ್ಲಿ ದಾಳಿ ಮಾಡುತ್ತಾನೆ, ನೆಟ್‌ವರ್ಕ್ ಸಿಗದ ಹೊಲಕ್ಕೆ ಹೋಗುವ ದಿನ ಕೆಂಪಿಗೆ ಹೋಗುತ್ತಾನೆ. ಬಾರದವರ ಮೇಲೆ ನಮಗೆ ಸಿಟ್ಟಿಲ್ಲ. ಹಸಿರು ತೋರಿಸಿ ಬಾರದವರ ಮೇಲೆ ಇದೆ. ಯಾಕೆಂದರೆ ಅವರ ಜಾಗದಲ್ಲಿ ಇನ್ನೊಬ್ಬರನ್ನು ಸೇರಿಸಬಹುದಿತ್ತು. ದಾಕ್ಷಿಣ್ಯಕ್ಕೆ ‘ಹೂಂ’ ಎಂದು ಆಮೇಲೆ ಫೋನ್ ಎತ್ತದಿರುವುದು ನಮ್ಮ ಕಡೆ ತೀರಾ ಮಾಮೂಲು ಚಾಳಿ. ಅದನ್ನು ಬಿಡಿಸುವ ಶಕ್ತಿ ಆ ಎರಡು ಬಣ್ಣಗಳಿಗಿದೆ.

ಎರಡನೆಯ ಪಾಠ ಮುಯ್ಯಿ. ನಮ್ಮ ಅಜ್ಜಂದಿರ ಕಾಲದಲ್ಲಿ ನಾಟಿಗೆ, ಕೊಯ್ಲಿಗೆ ಮುಯ್ಯಾಳು ಇರುತ್ತಿದ್ದರು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿ ಇಲ್ಲ, ಋಣ ಇದೆ. ಕ್ಲ್ಯಾನ್ ಕಾಳಗದ ಸಿದ್ಧತೆಯ ದಿನ ನಡೆಯುವುದೂ ಅದೇ. ಪ್ರತಿಯೊಬ್ಬರ ಹಳ್ಳಿಯಲ್ಲಿ ಒಂದು ಕೋಟೆ ಇರುತ್ತದೆ, ಅದರಲ್ಲಿ ಕಾವಲಿಗಿರುವ ಪಡೆಯನ್ನು ಉಳಿದವರು ದಾನ ಕೊಡಬೇಕು. ಬೆಳೆದ ಆಟಗಾರರು ಕೊಡುವ ಬಲಿಷ್ಠ ಪಡೆ ಹೊಸಬನ ಮನೆ ಕಾಯುತ್ತದೆ. ಸಿದ್ಧತೆಯ ದಿನ ಯಾರ ಕೋಟೆ ಖಾಲಿ ಇದೆ ಎಂದು ನೋಡಿ ತುಂಬುವವನಿಗೆ ನಕ್ಷತ್ರ ಸಿಗುವುದಿಲ್ಲ. ಆದರೆ ಎದುರಾಳಿಯ ದಾಳಿ ಆ ಕೋಟೆಯ ಬಾಗಿಲಲ್ಲೇ ಮುರಿದು ಬಿದ್ದಾಗ ಗೆಲುವಿನಲ್ಲಿ ಅವನ ಪಾಲು ಎಷ್ಟೆಂದು ಬಲ್ಲವರಿಗೆ ಗೊತ್ತಾಗುತ್ತದೆ. ನಮ್ಮಲ್ಲಿ ಈ ಕೆಲಸವನ್ನು ವರ್ಷಗಳಿಂದ ಮಾಡುತ್ತಿರುವವನು ನ್ಯಾಮತಿಯವನು. ಅವನ ದಾಳಿ ಸಾಧಾರಣ. ಆದರೆ ಅವನಿಲ್ಲದ ವಾರ ನಾವು ಗೆದ್ದದ್ದು ಕಡಿಮೆ.

ಇದು ನಮ್ಮ ಒಂದು ಆಟದ ಕಥೆಯಷ್ಟೇ ಅಲ್ಲ. 2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಕಂಪ್ಯೂಟರ್ ಆಟದಲ್ಲಿ ‘ಮೋಲ್ಟನ್ ಕೋರ್’ ಎಂಬ ಬೆಂಕಿಯ ಗುಹೆಗೆ 40 ಜನರವರೆಗಿನ ದಂಡು ಒಟ್ಟಿಗೆ ಇಳಿಯುತ್ತಿತ್ತು. ಅದರಲ್ಲಿ ಕೆಲಸ ಹಂಚಿಕೆಯಾಗಿರುತ್ತಿತ್ತು. ಶತ್ರುವಿನ ಏಟನ್ನೆಲ್ಲ ತಾನೇ ತಿನ್ನುವವನು ‘ಟ್ಯಾಂಕ್’, ಅವನ ಗಾಯ ಮಾಯಿಸುವವನು ‘ಹೀಲರ್’, ಉಳಿದವರು ಹೊಡೆಯುವವರು. ಹೊಡೆಯುವವನ ಸಾಹಸ ಎಲ್ಲರಿಗೂ ಕಾಣುತ್ತದೆ. ಹೀಲರ್ ಒಂದು ಕ್ಷಣ ಮೈಮರೆತರೆ ಇಡೀ ದಂಡು ಮಲಗುತ್ತದೆ. ಗೆದ್ದ ಮೇಲೆ ಸಿಗುವ ಒಂದೆರಡು ಒಳ್ಳೆಯ ಆಯುಧಗಳನ್ನು ಅಷ್ಟೊಂದು ಜನಕ್ಕೆ ಹಂಚುವುದು ಹೇಗೆ? ಅದಕ್ಕೂ ಮೊದಲೇ, 1999ರ ‘ಎವರ್‌ಕ್ವೆಸ್ಟ್’ ಆಟದ ಗುಂಪುಗಳು ‘ಡ್ರ್ಯಾಗನ್ ಕಿಲ್ ಪಾಯಿಂಟ್ಸ್’ ಎಂಬ ಲೆಕ್ಕದ ಪದ್ಧತಿಯನ್ನು ತಾವೇ ಹುಟ್ಟುಹಾಕಿದ್ದವು. ಕಾಳಗಕ್ಕೆ ಬಂದಷ್ಟೂ ಅಂಕ, ಆ ಅಂಕ ಖರ್ಚು ಮಾಡಿ ಲೂಟಿಯಲ್ಲಿ ಪಾಲು. ಕಂಪನಿ ಹೇಳಿಕೊಟ್ಟದ್ದಲ್ಲ, ಜಗಳ ತಪ್ಪಿಸಲು ಆಟಗಾರರೇ ಕಂಡುಕೊಂಡದ್ದು. ಸ್ವಸಹಾಯ ಸಂಘದ ಲೆಕ್ಕದ ಪುಸ್ತಕ ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣದು.

ಮೂರನೆಯ ಪಾಠ ಸೋಲಿನದು. ಎದುರಾಳಿಯ ಹಳ್ಳಿಯಲ್ಲಿ ಬಲೆಗಳು ಅಡಗಿರುತ್ತವೆ, ಮೊದಲ ದಾಳಿ ನಡೆಯುವವರೆಗೆ ಅವು ಎಲ್ಲಿವೆ ಎಂದು ತಿಳಿಯದು. ಹಾಗಾಗಿ ಮೊದಲು ಹೋದವನು ಸೋಲುವ ಸಾಧ್ಯತೆ ಹೆಚ್ಚು. ಆದರೆ ಅವನ ದಾಳಿಯ ರೀಪ್ಲೇಯನ್ನು ಕ್ಲ್ಯಾನಿನ ಎಲ್ಲರೂ ನೋಡಬಹುದು. ಎರಡನೆಯವನು ಆ ಬಲೆಗಳನ್ನು ತಪ್ಪಿಸಿ ಮೂರು ನಕ್ಷತ್ರ ತಂದರೆ, ಅದರಲ್ಲಿ ಒಂದು ಪಾಲು ಮೊದಲು ಸೋತವನದ್ದು. ಹೊನ್ನಾಳಿಯ ಗೆಳೆಯನೊಬ್ಬ ಈ ಕೆಲಸವನ್ನು ಕೇಳಿ ಪಡೆಯುತ್ತಾನೆ. ‘ಮೊದಲು ನಾನು ಹೋಗ್ತೀನಿ, ನೀವು ನೋಡ್ಕೊಳ್ರಿ’ ಅನ್ನುತ್ತಾನೆ. ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಒಮ್ಮೆ ನಪಾಸಾದವನ ಹತ್ತಿರ ನಾವು ಕೂತು, ‘ಯಾವ ಪ್ರಶ್ನೆಗೆ ಎಷ್ಟು ಸಮಯ ಹೋಯಿತು, ಎಲ್ಲಿ ಎಡವಿದೆ?’ ಎಂದು ಎಂದಾದರೂ ಕೇಳಿದ್ದೇವೆಯೇ? ಅಯ್ಯೋ ಪಾಪ ಅನ್ನುತ್ತೇವೆ, ಇಲ್ಲವೇ ಹಿಂದಿನಿಂದ ನಗುತ್ತೇವೆ. ಅವನ ಹತ್ತಿರ ಇರುವ ಮಾಹಿತಿ ವ್ಯರ್ಥವಾಗುತ್ತದೆ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಆಟ ಆಡಿದರೆ ಉದ್ಧಾರವಾಗುತ್ತೇವೆ ಎಂದು ನಾನು ವಾದಿಸುತ್ತಿಲ್ಲ. ಹಿರಿಯರ ಭಯಕ್ಕೆ ಕಾರಣವಿದೆ. ಮೊಬೈಲ್ ಆಟಕ್ಕೆ ಅಡ್ಡಿಪಡಿಸಿದ ತಂದೆಯನ್ನೇ ಮಗ ಕೊಂದ ಸುದ್ದಿಯನ್ನು 2019ರಲ್ಲಿ ಬೆಳಗಾವಿ ಕಡೆಯಿಂದ ನಾವೆಲ್ಲ ಓದಿದ್ದೇವೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯು ಆಟದ ಗೀಳನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಲು ಒಪ್ಪಿಗೆ ಕೊಟ್ಟಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್‌ನೆಟ್ ಗೀಳಿಗೆಂದೇ ‘ಶಟ್’ ಎಂಬ ಕ್ಲಿನಿಕ್ 2014ರಿಂದ ಇದೆ. ಆಟ ಬಿಟ್ಟಿರಲು ಆಗುತ್ತಿಲ್ಲ, ನಿದ್ದೆ, ಓದು, ಮಾತು ಎಲ್ಲ ಹಾಳಾಗುತ್ತಿದೆ ಅನ್ನಿಸಿದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಇನ್ನೊಂದು ಅಪಾಯ ಹಣದ್ದು. ರಮ್ಮಿ, ಬೆಟ್ಟಿಂಗ್ ಆ್ಯಪ್‌ಗಳಲ್ಲಿ ಸಾಲ ಮಾಡಿಕೊಂಡವರು ನಮ್ಮ ತಾಲ್ಲೂಕುಗಳಲ್ಲೂ ಇದ್ದಾರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಈ ವಿಷಯದಲ್ಲಿ ಒಂದು ಒಳ್ಳೆಯ ಗೆರೆ ಎಳೆದಿದೆ. ಹಣ ಕಟ್ಟಿ ಹಣ ಗೆಲ್ಲುವ ಆಟಗಳಿಗೆ ನಿಷೇಧ. ಅಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಇ–ಸ್ಪೋರ್ಟ್ಸ್‌ ಮತ್ತು ಮನರಂಜನೆಯ ಆಟಗಳಿಗೆ ಪ್ರತ್ಯೇಕ ಸ್ಥಾನ. ಕಾನೂನು ಮಾಡಿದ ಈ ವಿಂಗಡಣೆಯನ್ನು ನಮ್ಮ ಮನೆಗಳೂ ಮಾಡಬೇಕು. ಮಗ ಫೋನ್ ಹಿಡಿದು ಕುಳಿತಿದ್ದರೆ ‘ಯಾವ ಆಟ? ದುಡ್ಡಿನದ್ದಾ? ಯಾರ ಜೊತೆ?’ ಎಂಬ ಮೂರು ಪ್ರಶ್ನೆ ಕೇಳಿದರೆ ಅರ್ಧ ಸಮಸ್ಯೆ ತಿಳಿಯುತ್ತದೆ. ‘ಇಡೀ ದಿನ ಅದೇ’ ಎಂದು ಬೈದರೆ ಏನೂ ತಿಳಿಯುವುದಿಲ್ಲ.

ಆಡುವ ನಾವೂ ಒಂದು ಸತ್ಯ ಒಪ್ಪಬೇಕು. ಆಟದಲ್ಲಿ ಕಲಿತದ್ದು ತಾನಾಗಿ ಬದುಕಿಗೆ ನಡೆದು ಬರುವುದಿಲ್ಲ. ಕ್ಲ್ಯಾನಿನಲ್ಲಿ ಒಂದು ದಾಳಿಯನ್ನೂ ತಪ್ಪಿಸದವನು ಕಾಲೇಜಿನಲ್ಲಿ ಹಾಜರಾತಿ ಕೊರತೆಯಿಂದ ಪರೀಕ್ಷೆ ಕಳೆದುಕೊಂಡದ್ದನ್ನು ಕಂಡಿದ್ದೇನೆ. ಹೊಸಬರಿಗೆ ರಾತ್ರಿ ಕೂತು ದಾಳಿ ಕಲಿಸುವವನು ಸ್ವಂತ ತಮ್ಮನಿಗೆ ಗಣಿತ ಹೇಳಿಕೊಡುವುದಿಲ್ಲ. ಆಟದಲ್ಲಿ ಫಲಿತಾಂಶ ಮೂರು ನಿಮಿಷಕ್ಕೆ ಬರುತ್ತದೆ, ಓದಿನಲ್ಲಿ ಮೂರು ವರ್ಷಕ್ಕೆ. ಆ ತಡವನ್ನು ತಡೆದುಕೊಳ್ಳುವುದನ್ನು ಯಾವ ಆಟವೂ ಕಲಿಸುವುದಿಲ್ಲ. ಕಲಿತದ್ದನ್ನು ನಾವೇ ಹೊತ್ತು ಈಚೆಗೆ ತರಬೇಕು.

ನಮ್ಮ ಕ್ಲ್ಯಾನಿನ ಐವರು ಅದನ್ನು ಪ್ರಯತ್ನಿಸುತ್ತಿದ್ದೇವೆ. ಐವರೂ ಸರ್ಕಾರಿ ನೇಮಕಾತಿ ಪರೀಕ್ಷೆಗಳಿಗೆ ಓದುತ್ತಿದ್ದೇವೆ. ಒಬ್ಬೊಬ್ಬರಿಗೆ ಒಂದು ವಿಷಯ. ಸಂವಿಧಾನ ಒಬ್ಬನದು, ಕರ್ನಾಟಕದ ಇತಿಹಾಸ ಒಬ್ಬನದು, ಮಾನಸಿಕ ಸಾಮರ್ಥ್ಯ ಇನ್ನೊಬ್ಬನದು. ವಾರಕ್ಕೆ ಎರಡು ‘ದಾಳಿ’, ಅಂದರೆ ಎರಡು ಮಾದರಿ ಪರೀಕ್ಷೆ. ಬರಲಾಗದಿದ್ದರೆ ಹಿಂದಿನ ದಿನವೇ ‘ಕೆಂಪು’ ಎಂದು ಸಂದೇಶ ಹಾಕಬೇಕು. ಬರೆದವರು ಅಂಕದ ಜೊತೆಗೆ ತಪ್ಪಿದ ಪ್ರಶ್ನೆಗಳನ್ನೂ ಹಾಕಬೇಕು, ಅದೇ ನಮ್ಮ ರೀಪ್ಲೇ. ಪರೀಕ್ಷೆ ಹತ್ತಿರ ಬಂದ ತಿಂಗಳು ಆಟದಲ್ಲಿ ಐವರಿಗೂ ಕೆಂಪು ಗುರಾಣಿ. ಕೋಚಿಂಗ್‌ಗೆ ಧಾರವಾಡ, ಬೆಂಗಳೂರು ಸೇರಲು ದುಡ್ಡಿಲ್ಲದ ನಮಗೆ ಇದು ಖರ್ಚಿಲ್ಲದ ದಾರಿ. ಇದರಿಂದ ಕೆಲಸ ಸಿಕ್ಕೇ ಸಿಗುತ್ತದೆ ಎಂಬ ಭರವಸೆಯನ್ನು ನಾನು ಯಾರಿಗೂ ಕೊಡಲಾರೆ. ಸಾವಿರ ಹುದ್ದೆಗೆ ಲಕ್ಷಗಟ್ಟಲೆ ಅರ್ಜಿ ಬೀಳುವ ಕಾಲವಿದು. ಆದರೆ ಒಬ್ಬನೇ ಕೋಣೆಯಲ್ಲಿ ಕೂತು, ಸೋತು, ಯಾರಿಗೂ ಹೇಳದೆ ಮತ್ತೆ ಕೂರುವುದಕ್ಕಿಂತ ಇದು ಮೇಲು ಎಂದು ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ಕಾಲೇಜುಗಳಿಗೂ ಒಂದು ಮಾತು. ಗುಂಪು ಪ್ರಾಜೆಕ್ಟ್‌ಗಳಲ್ಲಿ ಯಾರ ಪಾಲಿನ ಕೆಲಸ ಯಾವುದು ಎಂದು ಮೊದಲ ದಿನವೇ ಬರೆಸಿಕೊಳ್ಳಿ, ಕೊನೆಗೆ ಹೆಸರಿನ ಸಮೇತ ತೋರಿಸಿ. ಅಂಕದಲ್ಲಿ ಅರ್ಧ ಗುಂಪಿಗಿರಲಿ, ಅರ್ಧ ಅವರವರ ಪಾಲಿಗಿರಲಿ. ಒಂದು ಮೊಬೈಲ್ ಆಟಕ್ಕೆ ಸಾಧ್ಯವಾದ ನ್ಯಾಯ ಒಂದು ತರಗತಿಗೆ ಸಾಧ್ಯವಾಗದೇ?

ಓದುಗ ಗೆಳೆಯರೇ, ನಿಮ್ಮದೂ ಒಂದು ಕ್ಲ್ಯಾನ್ ಇರಬಹುದು, ಸ್ಕ್ವಾಡ್ ಇರಬಹುದು. ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಅಲ್ಲಿ ನಿಮ್ಮ ಪಾಲಿನ ಎರಡು ದಾಳಿಗಾಗಿ ಎಚ್ಚರವಿರುವ ನೀವು, ಮನೆಯಲ್ಲಿ, ತರಗತಿಯಲ್ಲಿ ನಿಮ್ಮ ಪಾಲು ಎಷ್ಟು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಆ ಲೆಕ್ಕದಲ್ಲಿ ಒಂದು ದಾಳಿ ಬಾಕಿ ಇದ್ದರೆ, ಅದನ್ನು ಮೊದಲು ಮುಗಿಸಿ.