ಚಿಲಿಪಿಲಿಗೆ ಒಂದು ವರ್ಷ ರಜೆ ಕೊಡಿ

ಕನ್ನಡದಲ್ಲಿ ಬರೆಯುವವರೆಲ್ಲ ‘ಚಿಲಿಪಿಲಿ’ ಎಂಬ ಮಾತಿಗೆ ಒಂದು ವರ್ಷ ರಜೆ ಕೊಡಬೇಕು. ಜೊತೆಗೆ ‘ಇಂಚರ’ಕ್ಕೆ, ‘ಕಲರವ’ಕ್ಕೆ ಕೂಡ. ಆ ಪದಗಳ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಕವಿತೆಯಲ್ಲಿ ಬೆಳಗಾದರೆ ಸಾಕು, ಚಿಲಿಪಿಲಿ ಹಾಜರ್. ಯಾವ ಹಕ್ಕಿ ಸ್ವಾಮಿ ಎಂದು ಕೇಳಿದರೆ ಕವಿಗಳು ತಬ್ಬಿಬ್ಬಾಗುತ್ತಾರೆ.

ಮಾಗಡಿ ಕಡೆಯ ಒಂದು ರಾಗಿ ಹೊಲದಲ್ಲಿ ನಿಂತು ಕೇಳಿ. ಹುಂಜ ಕೂಗುತ್ತದೆ, ನವಿಲು ಕೇಕೆ ಹಾಕುತ್ತದೆ, ಪಾರಿವಾಳ ಗುಟುರು ಹಾಕುತ್ತದೆ, ಗುಬ್ಬಿ ಚೀಂವ್‌ಗುಟ್ಟುತ್ತದೆ. ಬೇಲಿ ಸಂದಿಯಲ್ಲಿ ಕೆಂಬೂತ, ಖಾಲಿ ಕೊಡದೊಳಗಿಂದ ಬಂದಂತೆ, ಊಂ ಊಂ ಎನ್ನುತ್ತದೆ. ಮನೆಯ ಹೇಟೆಯೊಂದನ್ನೇ ಗಮನಿಸಿ: ಮೊಟ್ಟೆಯಿಟ್ಟು ಎದ್ದಾಗ ಊರಿಗೆಲ್ಲ ಸಾರುವ ದನಿ, ಕಾಳು ಕಂಡು ಮರಿಗಳನ್ನು ಕರೆಯುವಾಗ ಇನ್ನೊಂದು, ಮೇಲೆ ಹದ್ದು ಸುಳಿದಾಗ ಮತ್ತೊಂದು. ಒಲೆ ಮುಂದೆ ಕೂತವರು ಆ ಮೂರನೆಯ ದನಿ ಕೇಳಿಯೇ “ಹದ್ದು ಬಂತು ನೋಡ್ರೋ!” ಎಂದು ಹೊರಗೆ ಓಡಿ ಬರುವುದನ್ನು ನಾನು ಕಂಡಿದ್ದೇನೆ. ಆ ಕಿವಿ ನಮ್ಮ ಸಾಹಿತ್ಯಕ್ಕೆ ಯಾಕಿಲ್ಲ?

ಪದ ಸಾಲದು ಎನ್ನುವಂತಿಲ್ಲ. ಅನುಕರಣಾವ್ಯಯದ ಪಾಠವನ್ನು ಶಾಲೆಯಲ್ಲಿ ಎಲ್ಲರೂ ಓದಿದವರೇ. ಕೇಳಿದ ಸದ್ದಿಗೆ ‘ಗುಟ್ಟು’ ಅಂಟಿಸಿದರೆ ಕ್ರಿಯಾಪದ ಸಿದ್ಧ. ಇಷ್ಟು ಸಲೀಸಾಗಿ ಪದ ಹುಟ್ಟುವ ಭಾಷೆಯಲ್ಲಿ ಹಳಸಿದ್ದನ್ನೇ ಬಡಿಸುವುದು ಶುದ್ಧ ಸೋಮಾರಿತನ.

ಕೋಗಿಲೆಯದು ಬೇರೆಯೇ ಕಥೆ. ಗಾಯಕಿಯರನ್ನು ಹೊಗಳಲು ‘ಕೋಗಿಲೆ ಕಂಠ’ ಎನ್ನುತ್ತೇವೆ. ಕೂ ಎಂದು ದನಿ ಏರಿಸುವುದು ಗಂಡು. ಹೆಣ್ಣಿನದು ಕಿಕ್ ಕಿಕ್ ಎಂಬ ಕರ್ಕಶ ಕೂಗು. (ಇದನ್ನು ಸನ್ಮಾನ ಸಭೆಯಲ್ಲಿ ಹೇಳಬೇಡಿ.)

ಚನ್ನಪಟ್ಟಣ ದಾಟಿ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ಬಂದವರ ಬರಹಗಳಲ್ಲೂ ಅದೇ ಚಿಲಿಪಿಲಿ. ಬೆಳೆದ ಬಣ್ಣದ ಕೊಕ್ಕರೆ ಬಹುಮಟ್ಟಿಗೆ ಮೂಕಹಕ್ಕಿ. ಗೂಡಿನ ಮೇಲೆ ಜೋಡಿ ಕೊಕ್ಕನ್ನು ಕಟಕಟ ಬಡಿಯುತ್ತದೆ. ಹೆಜ್ಜಾರ್ಲೆಗಳೂ ದೊಡ್ಡವಾದ ಮೇಲೆ ಮೌನಿಗಳೇ, ಗಲಾಟೆಯೆಲ್ಲ ಮರಿಗಳದ್ದು. ಅಲ್ಲಿಗೆ ಹೋದವರು ಕೇಳಿದ್ದನ್ನು ಬರೆಯಲಿಲ್ಲ, ಓದಿದ್ದನ್ನು ಬರೆದರು.

ಕವಿತೆಯೇನು ಪಕ್ಷಿಶಾಸ್ತ್ರವೇ ಎಂದು ಗೆಳೆಯರು ಕೇಳುತ್ತಾರೆ. ಅಲ್ಲ. ಹಳ್ಳಿಯ ಮಾತೆಲ್ಲ ಚಿನ್ನ ಎಂದೂ ನಾನು ಹೇಳುತ್ತಿಲ್ಲ. ಗೂಬೆಯ ಕೂಗಿಗೆ ಸಾವಿನ ಅರ್ಥ ಕಟ್ಟಿ ಕಲ್ಲು ಹೊಡೆದವರೂ ನಾವೇ. ಆದರೆ ಕಲ್ಲು ಹೊಡೆದವನೂ ಅದು ಗೂಬೆಯ ದನಿ ಎಂದು ಗುರುತು ಹಿಡಿದಿದ್ದ. ನಮಗೆ ಅಷ್ಟೂ ಗೊತ್ತಿಲ್ಲ.

ಇದರಿಂದ ನಷ್ಟವೇನು ಎಂದರೆ ರಾಮನಗರದ ಕಡೆ ನೋಡಿ. ‘ಶೋಲೆ’ ಚಿತ್ರೀಕರಣವಾದ ಆ ಬಂಡೆಗಳೇ ರಣಹದ್ದುಗಳ ಮನೆ. ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು. ಅದಕ್ಕೂ ಮೊದಲೇ, ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು ಸತ್ತ ದನದ ಮಾಂಸದ ಮೂಲಕ ಹೊಟ್ಟೆ ಸೇರಿ, ದೇಶದ ಉದ್ದಗಲಕ್ಕೂ ರಣಹದ್ದುಗಳು ಸತ್ತಿದ್ದವು. ಜಾನುವಾರುಗಳಿಗೆ ಆ ಮದ್ದು ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ರಣಹದ್ದು ಹಾಡುವುದಿಲ್ಲ. ಹೆಣದ ಸುತ್ತ ಕಚ್ಚಾಡುವಾಗ ಬುಸುಗುಟ್ಟುತ್ತದೆ, ಗೊರಗುಟ್ಟುತ್ತದೆ. ಚಿಲಿಪಿಲಿಯಲ್ಲಿ ಆ ಸದ್ದಿಗೆ ಮೊದಲೂ ಜಾಗವಿರಲಿಲ್ಲ. ಹಾಗಾಗಿ ಅದು ನಿಂತಾಗ ನಮ್ಮ ಬೆಟ್ಟದ ಪದ್ಯಗಳಲ್ಲಿ ಒಂದಕ್ಷರವೂ ಬದಲಾಗಲಿಲ್ಲ.

ಕನಕಪುರ, ಮಾಗಡಿಗಳಿಂದ ಕಾಲೇಜಿಗೆ ಬರುವ ಹುಡುಗ ಹುಡುಗಿಯರೇ, ಆ ಹದ್ದುಗಳು ಗುಂಪಾಗಿ ಇಳಿಯುತ್ತಿದ್ದುದನ್ನು ಕಂಡವರು ನಿಮ್ಮ ಹಟ್ಟಿಗಳಲ್ಲಿ ಇನ್ನೂ ಇದ್ದಾರೆ. ಮುಂದಿನ ಪದ್ಯಕ್ಕೆ ಮೊದಲು ಅವರ ಹತ್ತಿರ ಕೂತು, ಆ ಸದ್ದಿಗೆ ಅವರೇನು ಅನ್ನುತ್ತಿದ್ದರೆಂದು ಕೇಳಿ, ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ.