ಕೊಟ್ಟಿಗೆಯ ಜೀಪು, ಅತ್ತೆಯ ಬಳೆ



ಕಳೆದ ಸಂಚಿಕೆಯಲ್ಲಿ ಹಲಸಿನಕಾಯಿ ಹಪ್ಪಳದ ವಿಷಯ ಬರೆದಿದ್ದೆ. ಈ ಸಲ ನಿಮ್ಮನ್ನು ಅಡಿಗೆಮನೆಯ ಹಿಂಬಾಗಿಲು ದಾಟಿಸಿ ಕೊಟ್ಟಿಗೆಗೆ ಕರೆದುಕೊಂಡು ಹೋಗ್ತೀನಿ. ಮೂಗು ಮುರೀಬೇಡಿ, ಅಲ್ಲೀಗ ದನಗಳಿಲ್ಲ. ಒಂದು ಹಳೇ ಜೀಪಿದೆ. ಜೀಪಿನ ರಿಪೇರಿ ಗಂಡಸರ ವಿಷಯ, ನಮಗ್ಯಾಕೆ ಅಂತ ನೀವು ಕೇಳಬಹುದು. ಮನೆಯ ದುಡ್ಡು, ಮನೆಯ ಚಿನ್ನ, ಮನೆಯವರ ಜೀವ ಮೂರೂ ಅದರಲ್ಲಿ ಸೇರಿಕೊಂಡ ಮೇಲೆ ಅದು ನಮ್ಮ ವಿಷಯವೂ ಹೌದು, ಅಲ್ಲವೇ?

ನಮ್ಮ ಮನೆ ಸಕಲೇಶಪುರದ ಕಡೆ, ಟಾರು ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಮೇಲೆ. ಕೆಮ್ಮಣ್ಣಿನ ಏರು. ಎರಡು ಮಳೆಗಾಲದ ಹಿಂದೆ, ಆಷಾಢದ ಒಂದು ರಾತ್ರಿ ನಮ್ಮ ಅತ್ತೆಗೆ ಉಸಿರಾಡೋದೇ ಕಷ್ಟವಾಯಿತು. ಪಕ್ಕದ ತೋಟದವರ ಕಾರು ಏರಿನ ಬುಡಕ್ಕೆ ಬಂದು ಚಕ್ರ ಸುತ್ತಿಕೊಂಡು ನಿಂತೇ ಬಿಟ್ಟಿತು. ಕೊನೆಗೆ ಅತ್ತೆಯನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಕಂಬಳಿ ಹೊದಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ನಾಲ್ಕು ಜನ ಹೊತ್ತು ಇಳಿಸಿದರು. ನಾನು ಮುಂದೆ ಟಾರ್ಚ್ ಹಿಡಿದು ನಡೆದೆ. ಆಸ್ಪತ್ರೆಯಲ್ಲಿ ಎರಡು ದಿನ ಆಮ್ಲಜನಕ ಕೊಟ್ಟರು, ದೇವರ ದಯೆಯಿಂದ ಉಳಿದರು. ಆ ಒಂದೂವರೆ ಕಿಲೋಮೀಟರ್ ಮಾತ್ರ ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ.

ನಾಲ್ಕೂ ಚಕ್ರ ಎಳೆಯುವ ಗಾಡಿ ಬೇಕು ಅಂತ ಆಗಲೇ ತೀರ್ಮಾನವಾಯಿತು. ಹೊಸದರ ಬೆಲೆ ಕೇಳಿದರೆ ನಾಲ್ಕೆಕರೆ ಕಾಫಿಯವರು ಬಾಯಿ ಮುಚ್ಚಿಕೊಂಡು ಬರಬೇಕು. ಆಗ ನಮ್ಮ ಯಜಮಾನರಿಗೆ ನೆನಪಾದದ್ದು ಕೊಟ್ಟಿಗೆಯಲ್ಲಿ ಒಂಬತ್ತು ವರ್ಷದಿಂದ ಟಾರ್ಪಾಲು ಹೊದ್ದು ಕೂತಿದ್ದ ಮಾವನ ಜೀಪು. ಕೋಳಿಗಳು ಅದರ ಹಿಂದಿನ ಸೀಟಿನಲ್ಲಿ ಮೊಟ್ಟೆ ಇಡುತ್ತಿದ್ದವು!

ಆ ಜೀಪಿನ ಪೂರ್ವಾಪರ ಸ್ವಲ್ಪ ಹೇಳಬೇಕು. ಅದು 1964ರ ಗಾಡಿ. ಅಮೆರಿಕದ ವಿಲೀಸ್ ಕಂಪನಿ 1953ರಲ್ಲಿ ಹೊರತಂದ ಸಿ.ಜೆ. 3ಬಿ ಅನ್ನೋ ಮಾದರಿಯನ್ನೇ ನಮ್ಮಲ್ಲಿ ಮಹೀಂದ್ರಾದವರು ಬಹಳ ವರ್ಷ ತಯಾರಿಸಿದರು. ಮುಂದಿನ ಬಾನೆಟ್ಟು ಎತ್ತರವಾಗಿ ಪೆಟ್ಟಿಗೆಯ ಹಾಗೆ ಕಾಣುತ್ತದಲ್ಲ, ಅದೇ. ಅದರ ಹರಿಕೇನ್ ಅನ್ನೋ ಪೆಟ್ರೋಲ್ ಎಂಜಿನ್ ಹಳೆಯದಕ್ಕಿಂತ ಎತ್ತರವಾಗಿತ್ತು, ಅದನ್ನು ಹಿಡಿಸೋಕೆ ಬಾನೆಟ್ಟನ್ನೂ ಎತ್ತರಿಸಿದರು. ಸುಮಾರು 2,200 ಸಿ.ಸಿ.ಯ ಎಂಜಿನ್ ಅದು. ಪೆಟ್ರೋಲ್ ಕುಡಿಯೋದರಲ್ಲಿ ಎತ್ತಿದ ಕೈ! ಡೀಸೆಲ್ಲು ಪೆಟ್ರೋಲಿಗಿಂತ ಎಷ್ಟೋ ಅಗ್ಗವಾಗಿದ್ದ ಕಾಲ, ಹಾಗಾಗಿ ಮಲೆನಾಡಿನಲ್ಲಿ ಅನೇಕರು ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಹಾಕಿಸಿಕೊಂಡರು. ನಮ್ಮ ಮಾವನೂ 1988ರಲ್ಲಿ ಅದನ್ನೇ ಮಾಡಿದರು. ಅಪಘಾತವಾದ ಜೀಪಿನಿಂದ ಪ್ಯೂಜೋ ಡೀಸೆಲ್ ಎಂಜಿನ್ ತಂದು ಕೂರಿಸಿ, ಆರ್.ಸಿ. ಪುಸ್ತಕದಲ್ಲೂ ಬರೆಸಿದರು. ಎಕ್ಸ್.ಡಿ.ಪಿ. 4.90 ಅಂತ ಅದರ ಹೆಸರು. ನಾಲ್ಕು ಸಿಲಿಂಡರು, ಒಂದೊಂದರ ಬಾಯಿ 90 ಮಿಲಿಮೀಟರ್ ಅಂತ ಅದರ ಅರ್ಥ. ಸೇರಿನ ಪಾತ್ರೆ, ಪಾವಿನ ಪಾತ್ರೆ ಅನ್ನೋ ಹಾಗೆ ನೋಡಿ.

ಆ ಎಂಜಿನ್ನೂ ಈಗ ಕೆಟ್ಟಿತ್ತು. ಫ್ಯಾನ್ ಹಿಡಿದು ತಿರುಗಿಸಿದರೆ ಅಲುಗಲಿಲ್ಲ. ಸಿಲಿಂಡರಿನೊಳಗೆ ಡೀಸೆಲ್ಲು, ಆಯಿಲ್ಲು ಬಿಟ್ಟು ಎಂಟು ದಿನ ಕಾದರು. ಬಿಚ್ಚಿ ನೋಡಿದರೆ ಹೆಡ್ಡಿನಲ್ಲಿ ಬಿರುಕು, ಒಳಗೋಡೆಗೆ ತುಕ್ಕಿನ ಗುಳಿ. ಅದೇ ಜಾತಿಯ ಬೇರೆ ಎಂಜಿನ್ ಹಾಕೋದೇ ಸರಿ ಅಂದರು ಮೆಕ್ಯಾನಿಕ್.

ದುಡ್ಡು? ನಮ್ಮ ಮಹಿಳಾ ಸಂಘದ ಚೀಟಿಯಿಂದ ಬಂದ 60,000 ರೂಪಾಯಿ ನನ್ನ ಹತ್ತಿರ ಇತ್ತು. ಹೊಗೆ ತುಂಬುವ ಅಡಿಗೆಮನೆಗೆ ಎತ್ತರದ ಒಲೆಕಟ್ಟೆ, ಚಿಮಣಿ, ನೆಲಕ್ಕೆ ಟೈಲ್ಸು ಹಾಕಿಸಬೇಕು ಅಂತ ಆರು ವರ್ಷ ಕೂಡಿಟ್ಟದ್ದು. ಯಜಮಾನರು ಬಾಯಿಬಿಟ್ಟು ಕೇಳಲಿಲ್ಲ. ಕೇಳದೇ ಇದ್ದದ್ದೇ ಕೇಳಿದ ಹಾಗಿತ್ತು.

ಅತ್ತೆ ಮಾತ್ರ ಬೇಡವೇ ಬೇಡ ಅಂತ ಹಟ ಹಿಡಿದರು. ಮಾವನ ಗಾಡಿಯ ಎಂಜಿನ್ ಕೀಳ್ತಾರಲ್ಲ ಅನ್ನೋ ಬೇಸರವಿರಬೇಕು ಅಂದುಕೊಂಡೆ. ಒಂದು ಸಂಜೆ ಕಾಳುಮೆಣಸು ಆರಿಸುತ್ತಾ ಕೂತಿದ್ದಾಗ ಅವರೇ ಹೇಳಿದರು: “ಅಲ್ವೇ ಮಾರಾಯ್ತಿ, ಮೊದಲನೇ ಸಲ ಎಂಜಿನ್ ಹಾಕಿಸಿದಾಗ ನನ್ನ ಎರಡು ಬಳೆ ಅಡ ಹೋಯ್ತು. ಬಿಡಿಸ್ಕೊಡ್ತೀನಿ ಅಂದ್ರು ನಿನ್ನ ಮಾವ. ಆಮೇಲೆ ಕಾಫಿ ರೇಟ್ ಬಿತ್ತು, ಮಗಳ ಮದುವೆ ಬಂತು. ಎಲ್ಲಿ ಬಿಡಿಸೋದು? ಆ ಗಾಡೀಲಿ ಕೂತವರೆಲ್ಲ ‘ಯಜಮಾನರ ಜೀಪು’ ಅಂದ್ರೇ ಹೊರತು ಬಳೆ ವಿಷಯ ಯಾರಿಗೂ ನೆನಪಿಲ್ಲ. ಈಗ ನಿನ್ನ ಒಲೆಕಟ್ಟೆ ಹೋಗುತ್ತೆ.”

ನನಗೆ ಏನು ಹೇಳಬೇಕೋ ತೋಚಲಿಲ್ಲ. ಮದುವೆಯಾಗಿ 24 ವರ್ಷವಾಗಿತ್ತು, ಈ ಮಾತು ನಾನು ಕೇಳಿರಲೇ ಇಲ್ಲ.

ಮಾರನೇ ದಿನ ಒಂದು ಹೊಸ ನೋಟ್‌ಬುಕ್ ತಂದೆ. ಮೊದಲ ಸಾಲಿನಲ್ಲಿ ಬರೆದೆ: “1988 – ಅತ್ತೆಯ ಬಳೆ, ಎರಡು.” ಎರಡನೇ ಸಾಲು: “ನನ್ನ ಚೀಟಿ ಹಣ 60,000. ಇದು ಸಾಲ. ಮೆಣಸಿನ ದುಡ್ಡಿನಲ್ಲಿ ವಾಪಸು.” ಯಜಮಾನರ ಮುಂದೆ ಇಟ್ಟೆ. ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು ರುಜು ಹಾಕಿದರು. ಆಮೇಲೆ ನನ್ನ ಇನ್ನೊಂದು ಶರತ್ತು ಹೇಳಿದೆ: “ಮೊದಲು ಬ್ರೇಕು, ಆಮೇಲೆ ಎಂಜಿನ್ನು. ಬಣ್ಣ ಎಲ್ಲಕ್ಕಿಂತ ಕೊನೆಗೆ.” ಓಡದ ಗಾಡಿಯಿಂದ ಯಾರಿಗೂ ಅಪಾಯವಿಲ್ಲ. ನಿಲ್ಲದ ಗಾಡಿಯಿಂದಲೇ ಅಪಾಯ.

ಮೊದಲ ಪಾಠ ನಷ್ಟದಿಂದಲೇ ಬಂತು. ಗುಜರಿಯವರೊಬ್ಬರ ಹತ್ತಿರ ಅಗ್ಗಕ್ಕೆ ಎಂಜಿನ್ ಇದೆ ಅಂತ ಯಜಮಾನರು 5,000 ಮುಂಗಡ ಕೊಟ್ಟು ಬಂದರು. ಬಿಲ್ಲು ಎಲ್ಲಿ ಅಂದೆ. ಇಲ್ಲ. ಎಂಜಿನ್ನಿನ ನಂಬರು ಅಂದೆ. ನಂಬರಿದ್ದ ಜಾಗವನ್ನು ಯಾರೋ ಉಜ್ಜಿಹಾಕಿದ್ದರು. ಕದ್ದ ಮಾಲೋ ಏನೋ, ಬೇಡವೇ ಬೇಡ ಅಂದೆ. ಮುಂಗಡ ವಾಪಸು ಬರಲಿಲ್ಲ, ಯಜಮಾನರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದೆ.

ಎರಡು ತಿಂಗಳ ಮೇಲೆ, ಚಾಸಿ ತುಕ್ಕು ಹಿಡಿದು ನೋಂದಣಿ ರದ್ದಾದ ಜೀಪಿನ ಎಂಜಿನ್ ಕಾಗದಪತ್ರ ಸಮೇತ ಸಿಕ್ಕಿತು. ಮೆಕ್ಯಾನಿಕ್ ಅದನ್ನು ನೆಲದ ಮೇಲೇ ಚಾಲೂ ಮಾಡಿಸಿ, ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿದರು. ಅಲ್ಲಿಂದ ಹೊಗೆ ರಭಸವಾಗಿ ಉಗುಳಿದರೆ ಒಳಗೆ ರಿಂಗು ಸವೆದಿದೆ ಅಂತ ಲೆಕ್ಕವಂತೆ. ಇದು ಉಗುಳಲಿಲ್ಲ. ಬಿಲ್ಲು ಮಾಡಿಸಿ ತಂದೆವು.

ಕಾಗದದ ಮಾತನ್ನು ಇಲ್ಲೇ ಹೇಳಿಬಿಡ್ತೀನಿ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಲ್ಲಿ ಗಾಡಿಯ ಬದಲಾವಣೆಗಳ ನಿಯಮವಿದೆ. ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಮಾವನ ಕಾಲದಲ್ಲಿ ಮಾಡಿದ ಹಾಗೆ ಪೆಟ್ರೋಲ್ ತೆಗೆದು ಡೀಸೆಲ್ ಹಾಕ್ತೀವಿ ಅಂತ ಈಗ ಹೊರಟರೆ ಸುಲಭವಿಲ್ಲ. ನಮ್ಮದು ಆರ್.ಸಿ.ಯಲ್ಲಿ ಇದ್ದ ಜಾತಿಯ ಎಂಜಿನ್ನೇ ಆದರೂ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ಅರ್ಜಿ ಕೊಟ್ಟು, ಆಮೇಲೆ ಹೊಸ ನಂಬರು ಬರೆಸಿ, ವಿಮೆಯವರಿಗೂ ತಿಳಿಸಿದೆವು. 15 ವರ್ಷ ದಾಟಿದ ಖಾಸಗಿ ಗಾಡಿಯನ್ನು ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಅದನ್ನೂ ಮರೀಬೇಡಿ.

ಇನ್ನು ಕೆಲಸ. ನನ್ನ ಪಾಲಿಗೆ ಬಂದದ್ದು ಬೋಲ್ಟುಗಳು. ಖಾಲಿ ಉಪ್ಪಿನಕಾಯಿ ಬಾಟಲಿಗಳನ್ನು ತೊಳೆದು ಒಣಗಿಸಿ, “ರೇಡಿಯೇಟರ್”, “ಗೇರ್ ಬಾಕ್ಸ್ ಮೇಲಿನ ನಾಲ್ಕು” ಅಂತ ಚೀಟಿ ಅಂಟಿಸಿ ಇಟ್ಟೆ. ಬಿಚ್ಚುವ ಮೊದಲು ಮಗ ಮೊಬೈಲಿನಲ್ಲಿ ಫೋಟೋ ತೆಗೆದ. ಮೂರು ನಾಲ್ಕು ಕಾಫಿ ಮೂಟೆಯಷ್ಟು ಭಾರದ ಎಂಜಿನ್ನನ್ನು ಕೊಟ್ಟಿಗೆಯ ತೊಲೆಗೆ ಚೈನ್ ಬ್ಲಾಕ್ ಕಟ್ಟಿ ಎತ್ತೋಣ ಅಂತ ಯಜಮಾನರು. ಹಳೇ ತೊಲೆಯನ್ನು ನಂಬಬೇಡಿ ಅಂತ ಮೆಕ್ಯಾನಿಕ್ ಕಬ್ಬಿಣದ ಮುಕ್ಕಾಲಿ ತರಿಸಿದರು. ಎತ್ತುವಾಗ ಅದರ ಕೆಳಗೆ ಯಾರೂ ಕೈಯನ್ನೂ ಚಾಚಕೂಡದು ಅಂತ ಕಟ್ಟಪ್ಪಣೆ.

ಮೊದಲ ಸಲ ಎಂಜಿನ್ ಬದಲಾಯಿಸಿದಾಗ ಉಳಿದುಹೋದ ತಪ್ಪುಗಳೆಲ್ಲ ಆಗ ಕಾಣಿಸಿದವು. ಎಂಜಿನ್ ಕೂರುವ ರಬ್ಬರಿನ ಕೆಳಗೆ ಅಂದಾಜಿನ ಮೇಲೆ ತಗಡು ಬೆಸೆದಿದ್ದರು, ಎಂಜಿನ್ ಒಂದು ಕಡೆ ವಾಲಿತ್ತು. “ಪ್ರತಿ ವರ್ಷ ಅದ್ಯಾವುದೋ ಕ್ರಾಸ್ ಹೋಯ್ತು ಅಂತ ಬಯ್ಕೊಳ್ತಿದ್ರು ನಿನ್ನ ಮಾವ” ಅಂದರು ಅತ್ತೆ. ಮೆಕ್ಯಾನಿಕ್ ತಲೆಯಾಡಿಸಿದರು. ಎಂಜಿನ್ ವಾರೆ ಕೂತರೆ ಹಿಂದಕ್ಕೆ ಹೋಗುವ ಶಾಫ್ಟು ಸೊಟ್ಟ ತಿರುಗಿ ಅದರ ಕೀಲನ್ನು ತಿಂದುಹಾಕುತ್ತದೆ. ಡೀಸೆಲ್ ಎಂಜಿನ್ನು ಭಾರ ಹೆಚ್ಚು, ಮುಂದಿನ ಸ್ಪ್ರಿಂಗ್ ಪ್ಲೇಟುಗಳು ಕುಸಿದಿದ್ದವು. ಎರಡು ಕಡೆಗೂ ಒಂದೊಂದು ಪ್ಲೇಟು ಸೇರಿಸಿದರು. ಟ್ಯಾಂಕು ತೊಳೆದು, ಡೀಸೆಲ್ ಹೋಗೋಕೆ ಒಂದು ಪೈಪು, ಮಿಕ್ಕದ್ದು ವಾಪಸು ಬರೋಕೆ ಇನ್ನೊಂದು ಪೈಪು ಹೊಸದಾಗಿ ಎಳೆದರು.

ಮತ್ತೆ ವೈಪರ್! ಹಳೆಯ ವೈಪರು ಪೆಟ್ರೋಲ್ ಎಂಜಿನ್ ಗಾಳಿ ಎಳೆದುಕೊಳ್ಳುವ ಬಲದಿಂದ ಆಡುವಂಥದ್ದು. ಡೀಸೆಲ್ ಎಂಜಿನ್ನಿನಲ್ಲಿ ಆ ಎಳೆತವಿಲ್ಲ. 1988ರಲ್ಲಿ ಯಾರೂ ಇದನ್ನು ಯೋಚಿಸಲೇ ಇಲ್ಲ. ಅಲ್ಲಿಂದ ಎಷ್ಟೋ ವರ್ಷ, ಮಲೆನಾಡಿನ ಮಳೆಯಲ್ಲಿ, ಅತ್ತೆ ಪಕ್ಕದಲ್ಲಿ ಕೂತು ಕೈ ಹೊರಗೆ ಚಾಚಿ ಬಟ್ಟೆಯಿಂದ ಗಾಜು ಒರೆಸುತ್ತಿದ್ದರಂತೆ. ಈಗ ಬ್ಯಾಟರಿಯಿಂದ ಆಡುವ ವೈಪರ್ ಹಾಕಿಸಿದೆವು.

ಸೋದರಿಯರೇ, ಇಷ್ಟು ನೋಡಿದ ಮೇಲೆ ನನಗೆ ಅನ್ನಿಸಿದ್ದು ಇದು. ಹೊಸ ಎಂಜಿನ್ ತರೋದು ಸೊಸೆ ತಂದ ಹಾಗೆ. ತಾಳಿ ಕಟ್ಟಿಸಿ ಒಳಗೆ ಕರೆದುಕೊಂಡರೆ ಮುಗಿಯಲಿಲ್ಲ. ಅವಳು ಕೂರುವ ಜಾಗ, ಹೊರುವ ಭಾರ, ಉಸಿರಾಡುವ ಗಾಳಿ ಎಲ್ಲವನ್ನೂ ಮನೆ ಹೊಂದಿಸಿಕೊಡಬೇಕು. ಹೊಂದಿಸದೇ ಹೋದರೆ ಎಲ್ಲೋ ಒಂದು ಕೀಲು ವರ್ಷ ವರ್ಷವೂ ಸವೆಯುತ್ತದೆ. ಬೈಗುಳ ಮಾತ್ರ ಸೊಸೆಗೆ!

ಎಂಜಿನ್ನನ್ನು ಗೇರ್ ಬಾಕ್ಸಿಗೆ ಸೇರಿಸೋಕೆ ಎರಡು ದಿನ ಹಿಡಿಯಿತು. ಬೆರಳಗಲ ಸಂದು ಉಳಿದಾಗ, ಬೋಲ್ಟು ಬಿಗಿದು ಎಳೆದುಬಿಡೋಣ ಅಂದ ಮಗ. ಮೆಕ್ಯಾನಿಕ್ ಬಿಡಲಿಲ್ಲ. ಬಲವಂತ ಮಾಡಿದರೆ ಕ್ಲಚ್ ಪ್ಲೇಟು ಕೆಡುತ್ತೆ, ಹೌಸಿಂಗ್ ಒಡೆಯುತ್ತೆ ಅಂತ ಮತ್ತೆ ಇಳಿಸಿ, ಕ್ಲಚ್ ಪ್ಲೇಟನ್ನು ನಡುಮಧ್ಯಕ್ಕೆ ಸರಿಮಾಡಿ ಎತ್ತಿದರು. ಆಗ ತಾನೇ ತಾನಾಗಿ ಕೂತಿತು.

ಚಾಲೂ ಮಾಡುವ ದಿನ ಅತ್ತೆ ಜಗಲಿಯಲ್ಲಿ ಕೂತಿದ್ದರು. ಡೀಸೆಲ್ ಪೈಪಿನಲ್ಲಿ ಗಾಳಿ ಉಳಿದರೆ ಗಾಡಿ ಹತ್ತೋದಿಲ್ಲ, ಗುಳ್ಳೆ ನಿಲ್ಲುವವರೆಗೂ ಕೈಪಂಪು ಒತ್ತಿದರು. ಹೀಟರ್ ಕಾಯಿಸಿ ಮಗ ಕೀ ತಿರುಗಿಸಿದ. ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಮೂರನೇ ಸಲ ಕೊಟ್ಟಿಗೆಯೇ ಗುಡುಗಿತು. ಕೋಳಿಗಳೆಲ್ಲ ಮಾಡಿನ ಮೇಲೆ! ಸ್ವಲ್ಪ ಹೊತ್ತಾದ ಮೇಲೆ ನಿಲ್ಲಿಸೋ ಅಂದರೆ ನಿಲ್ಲಲಿಲ್ಲ. ಮಗ ಕೀ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಾನೆ, ಎಂಜಿನ್ ತನ್ನ ಪಾಡಿಗೆ ಓಡುತ್ತಿದೆ. ಅವನ ಮುಖ ಬಿಳಿಚಿಕೊಂಡಿತು. ಜಗಲಿಯಿಂದ ಅತ್ತೆ ಕೂಗಿದರು: “ಅದು ಕೀಗೆ ನಿಲ್ಲಲ್ಲ ಮಗಾ! ಕೆಳಗೆ ಕಪ್ಪು ಗುಂಡಿ ಇದೆ, ಎಳಿ!” ಎಳೆದ, ನಿಂತಿತು. ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಕಳೆದ ಮಳೆಗಾಲದಲ್ಲಿ ಅತ್ತೆಯನ್ನು ತಪಾಸಣೆಗೆ ಕರೆದುಕೊಂಡು ಹೋದೆವು. ಅದೇ ಏರು, ಅದೇ ಕೆಸರು. ಸಣ್ಣ ಗೇರಿನಲ್ಲಿ ಜೀಪು ಗೊಣಗುತ್ತಾ ಇಳಿಯಿತು, ಗೊಣಗುತ್ತಾ ಹತ್ತಿತು. ಓಟ ಕಡಿಮೆ, ಎಳೆತ ಜಾಸ್ತಿ. ಮುಂದೆ ಕೂತ ಅತ್ತೆ ಮಳೆ ಜೋರಾಗುತ್ತಲೇ ಸೆರಗಿನ ತುದಿ ಹಿಡಿದು ಕೈ ಹೊರಗೆ ಚಾಚಿದರು. ವೈಪರ್ ಆಡುತ್ತಿರೋದು ಕಂಡು, ಮೆಲ್ಲಗೆ ಕೈ ಒಳಗೆ ತೆಗೆದುಕೊಂಡರು.

ಮೆಣಸಿನ ದುಡ್ಡಿನಲ್ಲಿ 30,000 ವಾಪಸು ಬಂದಿದೆ. ಒಲೆಕಟ್ಟೆ ಆಯಿತು, ಟೈಲ್ಸು ಬಾಕಿ. ಮೊದಲ ಸಾಲಿನ ಬಳೆ ಇನ್ನೂ ಹಾಗೇ ಇದೆ. ಮುಂದಿನ ಫಸಲಿಗೆ ನೋಡೋಣ ಅಂತ ಯಜಮಾನರೇ ಅದರ ಮುಂದೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಾರೆ. ನಿಮ್ಮ ಮನೆಯಲ್ಲೂ ಗಾಡಿಯೋ, ಬಾವಿಯೋ, ಮಹಡಿಯೋ ಏಳುವಾಗ ನಿಮ್ಮ ಗಂಟು ಅದರೊಳಗೆ ಹೋದರೆ, ಹೋಗಲಿ. ಆದರೆ ಬರೆದಿಡಿ.

ಮರೆತಿದ್ದೆ: ಗ್ರೀಸು ಮೆತ್ತಿದ ಕೈಗೆ ನೇರವಾಗಿ ಸೋಪು ಹಚ್ಚಬೇಡಿ. ಮೊದಲು ಕೊಬ್ಬರಿ ಎಣ್ಣೆ, ಒಂದು ಚಮಚ ಸಕ್ಕರೆ ಹಾಕಿ ಚೆನ್ನಾಗಿ ಉಜ್ಜಿ, ಆಮೇಲೆ ಸೀಗೆಪುಡಿಯಲ್ಲಿ ತೊಳೆಯಿರಿ. ಉಗುರಿನ ಸಂದಿಯ ಕಪ್ಪೂ ಬಿಡುತ್ತದೆ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಅಡಿಗೆಮನೆಗೇ ಬರೋಣ, ಕೆಸುವಿನೆಲೆಯ ಪತ್ರೊಡೆಗೆ.