ಬೆಂಗಳೂರಿಗೆ ಹೊರಟಿರಾ? ನಾಲಿಗೆಯನ್ನು ಊರಲ್ಲೇ ಬಿಟ್ಟು ಹೋಗಬೇಡಿ!



ಶನಿವಾರ ಬೆಳಗ್ಗೆ ಹೊರಡುವುದು, ಭಾನುವಾರ ರಾತ್ರಿ ವಾಪಸ್ಸು. ಐದಾರು ಜನ ಗೆಳೆಯರು, ಬೆನ್ನಿಗೊಂದು ಚೀಲ, ಕೈಯಲ್ಲೊಂದು ಮೊಬೈಲು. ದಾವಣಗೆರೆ, ಹರಿಹರದ ಯಾವ ಕಾಲೇಜಿನ ಮುಂದಿನ ಟೀ ಅಂಗಡಿಯಲ್ಲಿ ನಿಂತರೂ ಈ ಲೆಕ್ಕಾಚಾರ ಕಿವಿಗೆ ಬೀಳುತ್ತದೆ. ಹೋಗಿ ಬನ್ನಿ! ವಯಸ್ಸಿರುವಾಗ ತಿರುಗದೆ ಇನ್ಯಾವಾಗ ತಿರುಗುತ್ತೀರಿ? ಬೆಂಗಳೂರು ನಿಮ್ಮ ರಾಜಧಾನಿ. ಅದನ್ನು ನೋಡುವುದು ನಿಮ್ಮ ಹಕ್ಕು.

ಆದರೆ ಒಂದು ಪ್ರಶ್ನೆ ಕೇಳುತ್ತೇನೆ, ಎದೆ ಮುಟ್ಟಿಕೊಂಡು ಉತ್ತರ ಹೇಳಿ. ತುಮಕೂರು ದಾಟುತ್ತಿದ್ದಂತೆ ನಿಮ್ಮ ಕನ್ನಡ ಎಲ್ಲಿ ಇಳಿದು ಹೋಗುತ್ತದೆ? ಊರಲ್ಲಿ "ಏನಲೇ, ಎಲ್ಲಿಗಲೇ" ಎಂದು ಗಂಟಲು ತೆರೆದು ಕೂಗುವವರು ಮೆಜೆಸ್ಟಿಕ್‌ನಲ್ಲಿ ಕಾಲಿಟ್ಟ ಕೂಡಲೇ ಆಟೋದವನಿಗೆ "ಭೈಯ್ಯಾ" ಅನ್ನುತ್ತೀರಿ. ಆ ಆಟೋದವನು ಮಾಗಡಿಯವನು! ಹೋಟೆಲಿನಲ್ಲಿ "ಎಕ್ಸ್‌ಕ್ಯೂಸ್ ಮಿ" ಅನ್ನುತ್ತೀರಿ. ಮಾಲ್‌ನೊಳಗೆ ಹೋದರೆ ನಿಮ್ಮ ನಿಮ್ಮಲ್ಲೇ ಮಾತನಾಡುವಾಗಲೂ ದನಿ ತಗ್ಗುತ್ತದೆ. ಯಾರ ಭಯ? ಯಾವ ತಪ್ಪು ಮಾಡಿದ್ದೀರಿ?

ನಾನು ಹದಡಿಯ ಒಬ್ಬ ಪ್ರೆಸ್ಸಿನವನು. ಓದಿದ್ದು ಪಿಯುಸಿ. ಮದುವೆ ಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಪೋಸ್ಟರು, ಕರಪತ್ರ ಇವೇ ನನ್ನ ಅನ್ನ. ಅಕ್ಷರ ಅಚ್ಚು ಹಾಕುವವನಿಗೆ ಒಂದು ಸತ್ಯ ಬೇಗ ಗೊತ್ತಾಗುತ್ತದೆ: ಗಿರಾಕಿ ಕೇಳಿದ್ದನ್ನೇ ಅಂಗಡಿಯವನು ಕೊಡುತ್ತಾನೆ. ಲಗ್ನಪತ್ರಿಕೆ ಕನ್ನಡದಲ್ಲಿ ಬೇಕೆಂದರೆ ಕನ್ನಡ, ಇಂಗ್ಲಿಷಿನಲ್ಲಿ ಬೇಕೆಂದರೆ ಇಂಗ್ಲಿಷು. ಮಷೀನಿಗೆ ಜಾತಿಯಿಲ್ಲ, ಭಾಷೆಯಿಲ್ಲ. ವ್ಯಾಪಾರಕ್ಕೂ ತಾಯ್ನುಡಿಯಿಲ್ಲ. ತಾಯ್ನುಡಿ ಇರುವುದು ಗಿರಾಕಿಗೆ. ಆ ಗಿರಾಕಿಯೇ ಬಾಯಿ ಮುಚ್ಚಿಕೊಂಡರೆ ಅಂಗಡಿಯವನೇಕೆ ಕನ್ನಡ ಕಲಿಯಬೇಕು?

ನಿಮ್ಮ ದುಡ್ಡು ಯಾವ ಭಾಷೆ ಮಾತಾಡುತ್ತದೆ?

ಲೆಕ್ಕ ಹಾಕಿ. ಆರು ಜನ, ತಲೆಗೆ 3000 ಅಂದರೂ 18,000 ರೂಪಾಯಿ. ಎರಡು ದಿನದಲ್ಲಿ ಅಷ್ಟನ್ನೂ ಬೆಂಗಳೂರಿನಲ್ಲಿ ಸುರಿದು ಬರುತ್ತೀರಿ. ಹಣ ಎಣಿಸಿಕೊಳ್ಳುವವನು ನಿಮ್ಮ ಮುಖ ನೋಡುತ್ತಾನೆ, ನಿಮ್ಮ ಮಾತು ಕೇಳುತ್ತಾನೆ. ನೀವು ಹಿಂದಿ ಮಾತಾಡಿದರೆ "ಇಲ್ಲಿ ಹಿಂದಿ ಸಾಕು" ಎಂದು ಬರೆದುಕೊಳ್ಳುತ್ತಾನೆ. ಇಂಗ್ಲಿಷಾದರೆ "ಇಂಗ್ಲಿಷ್ ಸಾಕು". ಹಾವೇರಿಯಿಂದ, ಗದಗದಿಂದ, ಹಾಸನದಿಂದ, ದಾವಣಗೆರೆಯಿಂದ ವಾರ ವಾರ ಬರುವ ಹುಡುಗರೆಲ್ಲ ಇದನ್ನೇ ಮಾಡಿದರೆ, ಕನ್ನಡವಿಲ್ಲದೆ ವ್ಯಾಪಾರ ನಡೆಯುತ್ತದೆಂಬ ಪಾಠ ಹೇಳಿಕೊಟ್ಟವರು ಯಾರು? ಹೊರಗಿನವರಲ್ಲ, ನಾವೇ!

ಎರಡು ವರ್ಷದ ಹಿಂದೆ ಪೇಪರ್ ಖರೀದಿಗೆಂದು ಬೆಂಗಳೂರಿಗೆ ಹೋದಾಗ ಒಂದು ಲಾಡ್ಜಿನಲ್ಲಿ ಉಳಿದೆ. ಹೆಸರು, ವಿಳಾಸ ಬರೆಯುವ ಫಾರಂ ಪೂರ್ತಿ ಇಂಗ್ಲಿಷು. ನಾನು ಕನ್ನಡದಲ್ಲಿ ತುಂಬಿದೆ. ಕೌಂಟರಿನ ಹುಡುಗ "ಇಂಗ್ಲಿಷಲ್ಲಿ ಬರೀರಿ ಸಾರ್, ಓನರ್ ಬೈತಾರೆ" ಅಂದ. ಅವನು ಮಂಡ್ಯದ ಹುಡುಗ! ಓನರನ್ನೇ ಕರೆಸಿ ಕೇಳಿದೆ. ಅವರೂ ಅಚ್ಚ ಕನ್ನಡದವರು. "ಕನ್ನಡದ ಫಾರಂ ಇದುವರೆಗೆ ಯಾರೂ ಕೇಳಿಲ್ಲ ಸ್ವಾಮಿ" ಅಂದರು. ಕೇಳಿಸಿಕೊಂಡಿರಾ? ಕನ್ನಡದ ಮಾಲೀಕ, ಕನ್ನಡದ ನೌಕರ, ಕನ್ನಡದ ಗಿರಾಕಿ. ನಡುವೆ ಕನ್ನಡ ಮಾತ್ರ ಇಲ್ಲ!

ಎ.ಟಿ.ಎಂ.ನಲ್ಲಿ ಕನ್ನಡದ ಬಟನ್ ಇದೆ, ಒತ್ತುವವರಿಲ್ಲ. ನಿಮ್ಮ ಮೊಬೈಲಿನ ನಕ್ಷೆಯಲ್ಲಿ ಕನ್ನಡವಿದೆ, ಆರಿಸುವವರಿಲ್ಲ. ಬಳಸದ ಬಾವಿಯನ್ನು ಊರಿನವರೇ ಮುಚ್ಚುತ್ತಾರೆ. ನಾಳೆ "ಯಾರೂ ಬಳಸುತ್ತಿಲ್ಲ" ಎಂದು ಆ ಬಟನ್ನೂ ತೆಗೆದರೆ ಯಾರ ಮನೆ ಮುಂದೆ ಧರಣಿ ಕೂರುತ್ತೀರಿ?

ಕೇಳಿದವರಿಗೆ ಸಿಕ್ಕಿದೆ

"ಅಣ್ಣಾ, ನಾವು ನಾಲ್ಕು ಜನ ಮಾತಾಡಿದರೆ ಬೆಂಗಳೂರು ಬದಲಾಗುತ್ತದಾ?" ಎಂದು ಕೇಳುವಿರಿ. ಬದಲಾಗಿದೆ! ಅ.ನ.ಕೃ. 1960ರ ದಶಕದಲ್ಲಿ ಬೆಂಗಳೂರಿನ ಸಂಗೀತ ಕಚೇರಿಗಳಲ್ಲಿ ಕನ್ನಡದ ಹಾಡುಗಳಿಗೇ ಜಾಗವಿಲ್ಲವೆಂದು ಸಿಡಿದೆದ್ದರು. ಅವರು ಕೇಳಿದ್ದು ಏನು? ಕನ್ನಡದ ನೆಲದಲ್ಲಿ ಕೇಳುಗರಿಗೆ ಕನ್ನಡ ಹಾಡಿ ಎಂದು, ಅಷ್ಟೇ. ಅದೇ ದಿನಗಳಲ್ಲಿ ಮ. ರಾಮಮೂರ್ತಿಯವರು ನಮಗೊಂದು ಹಳದಿ-ಕೆಂಪು ಬಾವುಟ ಕೊಟ್ಟರು. 1982ರಲ್ಲಿ ಗೋಕಾಕ್ ಚಳವಳಿಗೆ ಡಾ. ರಾಜ್‌ಕುಮಾರ್ ಇಳಿದಾಗ ಇಡೀ ನಾಡು ಬೀದಿಗೆ ಬಂತು.

ಹಳೆಯ ಕತೆ ಬೇಡವೆಂದರೆ ಹೊಸದನ್ನೇ ಕೇಳಿ. 2001ರಲ್ಲಿ ಬೆಂಗಳೂರಿಗೆ ಮೊದಲ ಖಾಸಗಿ ಎಫ್.ಎಂ. ಬಂದಾಗ ಹಿಂದಿ ಹಾಡುಗಳದೇ ಅಬ್ಬರ. ಕೇಳುಗರು ಕನ್ನಡ ಕೇಳಿದರು, ಸ್ಟೇಷನ್ನುಗಳು ಕನ್ನಡಕ್ಕೆ ತಿರುಗಿದವು. 2017ರಲ್ಲಿ ನಮ್ಮ ಮೆಟ್ರೋ ನಿಲ್ದಾಣಗಳಲ್ಲಿ ಹಿಂದಿ ಫಲಕ ಬೇಡವೆಂದು ನಿಮ್ಮಂಥ ಹುಡುಗರೇ ದನಿ ಎತ್ತಿದರು, ಫಲಕಗಳಿಂದ ಹಿಂದಿ ಹೋಯಿತು. 2023ರ ಡಿಸೆಂಬರಿನಲ್ಲಿ ಬೋರ್ಡುಗಳಿಗಾಗಿ ದೊಡ್ಡ ಹೋರಾಟ ನಡೆಯಿತು. 2024ರಲ್ಲಿ ಕಾನೂನೇ ತಿದ್ದುಪಡಿಯಾಯಿತು: ಅಂಗಡಿ ಬೋರ್ಡಿನಲ್ಲಿ ಶೇ. 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಬೋರ್ಡು ಕನ್ನಡವಾಗಲು ಕಾನೂನು ಬೇಕಾಯಿತು. ಬೋರ್ಡಿನ ಕೆಳಗೆ ನಿಂತು ಕನ್ನಡ ಮಾತಾಡಲು ಯಾವ ಕಾನೂನು ಬೇಕು ನಿಮಗೆ?

ನಮ್ಮೂರ ಬೆಣ್ಣೆ ದೋಸೆಯ ಹೆಸರನ್ನು ಬೆಂಗಳೂರಿನ ಗಲ್ಲಿ ಗಲ್ಲಿಯಲ್ಲಿ ನೋಡುತ್ತೀರಿ. ಎಷ್ಟೋ ಕಡೆ "ದಾವಣಗೆರೆ" ಎಂಬ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ದೊಡ್ಡದಾಗಿ, ಕನ್ನಡದಲ್ಲಿ ಇರುವೆಯಷ್ಟು. ಒಳಗೆ ಹೋಗಿ ದೋಸೆ ತಿನ್ನಿ, ಬೇಡವೆನ್ನುವುದಿಲ್ಲ. ದುಡ್ಡು ಕೊಡುವಾಗ ಒಂದು ಮಾತು ಹೇಳಿ: "ಸ್ವಾಮಿ, ನಾವು ದಾವಣಗೆರೆಯವರು. ನಮ್ಮೂರ ಹೆಸರು ನಮ್ಮ ಅಕ್ಷರದಲ್ಲಿ ದೊಡ್ಡದಾಗಿ ಇರಲಿ." ಜಗಳ ಬೇಡ, ಕೂಗಾಟ ಬೇಡ. ಹತ್ತು ಗಿರಾಕಿಗಳು ಹೇಳಿದರೆ ಹನ್ನೊಂದನೆಯವನು ಬರುವಷ್ಟರಲ್ಲಿ ಬೋರ್ಡು ಬದಲಾಗಿರುತ್ತದೆ.

ಇದಕ್ಕಾಗಿಯೇ ಏಕೀಕರಣವಾದದ್ದು!

ಹರಿಹರದ ತುಂಗಭದ್ರಾ ಸೇತುವೆ ಮೇಲೆ ನಿಂತಿದ್ದೀರಲ್ಲ? 1956ರ ನವೆಂಬರ್ 1ಕ್ಕೆ ಮೊದಲು ಈ ದಂಡೆ ಮೈಸೂರು, ಆಚೆ ದಂಡೆಯ ರಾಣೆಬೆನ್ನೂರು ಮುಂಬೈಗೆ ಸೇರಿದ್ದು. ಪಕ್ಕದ ಹರಪನಹಳ್ಳಿ ಬ್ರಿಟಿಷರ ಕಾಲದಲ್ಲಿ ಮದರಾಸು ಪ್ರಾಂತ್ಯ. ಹೊಳೆಯ ಎರಡೂ ದಂಡೆಯಲ್ಲಿ ಒಂದೇ ಮಾತು, ಒಂದೇ ರೊಟ್ಟಿ. ಆದರೆ ಒಬ್ಬನ ಅರ್ಜಿ ಬೆಂಗಳೂರಿಗೆ, ಇನ್ನೊಬ್ಬನದು ಮುಂಬೈಗೆ, ಮತ್ತೊಬ್ಬನದು ಮದರಾಸಿಗೆ. ನಮ್ಮ ಹಿರಿಯರು ಜೈಲು ಕಂಡು, ಲಾಠಿ ತಿಂದು ಈ ನಾಡನ್ನು ಒಂದು ಮಾಡಿದ್ದು ಏಕೆ? ಕನ್ನಡದವನು ತನ್ನ ರಾಜಧಾನಿಗೆ ಹೋಗಿ ತನ್ನ ಮಾತಿನಲ್ಲಿ ತನ್ನ ಕೆಲಸ ಮಾಡಿಸಿಕೊಂಡು ಬರಲಿ ಎಂದು. ಅವರು ಗೆದ್ದು ಕೊಟ್ಟ ರಾಜಧಾನಿಯಲ್ಲಿ ನಾವು ನೆಂಟರ ಹಾಗೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ನಿಲ್ಲುವುದೇ?

2011ರ ಜನಗಣತಿ ಪ್ರಕಾರ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯವರು ಅರ್ಧಕ್ಕಿಂತ ಕಡಿಮೆ. ಅಲ್ಲಿನ ಕನ್ನಡಿಗ ದಿನವೂ ಒಬ್ಬಂಟಿಯಾಗಿ ಹೆಣಗುತ್ತಿದ್ದಾನೆ. ಹೊರ ಜಿಲ್ಲೆಯಿಂದ ಬರುವ ನಾವು ಅವನ ಬಲ. ನಾವೂ ಕೈಬಿಟ್ಟರೆ ಅವನು ಯಾರನ್ನು ನೆಚ್ಚಬೇಕು?

ಎರಡು ದಿನದಲ್ಲಿ ಏನು ನೋಡುತ್ತೀರಿ?

ನಿಮ್ಮ ಪಟ್ಟಿ ನನಗೆ ಗೊತ್ತು. ಎರಡು ಮಾಲು, ಒಂದು ಎಂ.ಜಿ. ರಸ್ತೆ, ಒಂದು ವಾಟರ್ ಪಾರ್ಕು, ನೂರು ಫೋಟೋ. ಇರಲಿ. ಆದರೆ 260 ಕಿಲೋಮೀಟರ್ ಹೋಗಿ ಕನ್ನಡದ ಬೆಂಗಳೂರನ್ನೇ ನೋಡದೆ ಬರುವುದು ಎಂಥ ಪ್ರವಾಸ? ನಾನೊಂದು ಪಟ್ಟಿ ಕೊಡುತ್ತೇನೆ, ನಿಮ್ಮದರ ಜೊತೆ ಸೇರಿಸಿಕೊಳ್ಳಿ.

ಹೊಸೂರು ರಸ್ತೆ ಕಡೆಯ ಬೇಗೂರಿಗೆ ಹೋಗಿ. ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಕನ್ನಡ ಶಾಸನವಿದೆ, ಅದರಲ್ಲಿ "ಬೆಂಗಳೂರು" ಎಂಬ ಹೆಸರೇ ಇದೆ. ಹೊಯ್ಸಳ ಬಲ್ಲಾಳನಿಗೆ ಮುದುಕಿ ಬೆಂದ ಕಾಳು ಕೊಟ್ಟಳು, ಅದಕ್ಕೇ ಈ ಹೆಸರು ಎನ್ನುವ ಕತೆಗೆ ನೂರಾರು ವರ್ಷ ಮೊದಲಿನದು ಆ ಕಲ್ಲು. "ಬೆಂಗಳೂರು ಎಲ್ಲರದು, ಕನ್ನಡದವರದೇ ಅಲ್ಲ" ಎನ್ನುವವರ ಮುಂದೆ ಸುಮ್ಮನೆ ಆ ಕಲ್ಲಿನ ಫೋಟೋ ಇಡಿ.

ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ 1865ರದು. ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೋಗಿ. 949ರ ಆತಕೂರು ಶಾಸನ ಅಲ್ಲಿಗೆ ಸೇರಿದ್ದು. ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯ ಜೊತೆ ಕಾದಾಡಿ ಸತ್ತದ್ದನ್ನು ಕಲ್ಲಿನಲ್ಲಿ ಕೊರೆಸಿದ್ದಾರೆ. ಒಂದು ನಾಯಿಯ ಶೌರ್ಯವನ್ನೂ ಕನ್ನಡದಲ್ಲಿ ಬರೆಸಿದ ಜನ ನಾವು. ನಿಮಗೆ ಒಂದು ಕಾಫಿಯನ್ನು ಕನ್ನಡದಲ್ಲಿ ಕೇಳಲು ನಾಚಿಕೆಯೇ?

ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧವನ್ನು ಇದುವರೆಗೆ ಬೀದಿಯಲ್ಲಿ ನಿಂತು ನೋಡುತ್ತಿದ್ದೆವು. 2025ರಲ್ಲಿ ಒಳಗೆ ಸುತ್ತಿ ತೋರಿಸುವ ವ್ಯವಸ್ಥೆ ಶುರುವಾಯಿತು, ವಿವರಣೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಹೋದರೆ ಕನ್ನಡದ ತಂಡಕ್ಕೇ ಹೆಸರು ಕೊಡಿ! ಚಾಮರಾಜಪೇಟೆಯಲ್ಲಿ 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಇದೆ. ಅಲ್ಲಿಂದ ಬಸವನಗುಡಿ ಹತ್ತಿರ, ಗಾಂಧಿಬಜಾರಿನ ಕನ್ನಡ ಪುಸ್ತಕದ ಅಂಗಡಿಯಲ್ಲಿ ತಲೆಗೊಂದು ಪುಸ್ತಕ ಕೊಳ್ಳಿ. 1943ರಿಂದ ಇರುವ ವಿದ್ಯಾರ್ಥಿ ಭವನದ ದೋಸೆ ತಿಂದು, ನಮ್ಮೂರ ದೋಸೆ ಮೇಲೋ ಅದು ಮೇಲೋ ಎಂದು ಬೇಕಾದಷ್ಟು ಜಗಳವಾಡಿ, ಕನ್ನಡದಲ್ಲೇ! ಲಾಲ್‌ಬಾಗಿನ ಬಂಡೆ ಹತ್ತಿ ಕೆಂಪೇಗೌಡರ ಗಡಿಗೋಪುರ ನೋಡಿ. ಊರು ಇಷ್ಟೇ ಬೆಳೆಯುತ್ತದೆ ಎಂದು ಒಂದು ಕಾಲದಲ್ಲಿ ಗೆರೆ ಎಳೆದ ಜಾಗ ಅದು.

ತಂಗಿಯರೇ, 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಿಮಗೆ ಟಿಕೆಟ್ಟಿನ ಖರ್ಚಿಲ್ಲ. ಪ್ರವಾಸ ಗಂಡುಹುಡುಗರ ಸ್ವತ್ತಲ್ಲ. ನೀವೂ ಗೆಳತಿಯರ ಗುಂಪು ಕಟ್ಟಿ.

ಬಡವನ ಮೇಲೆ ಪೌರುಷ ಬೇಡ

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಕನ್ನಡಾಭಿಮಾನ ಎಂದರೆ ತಟ್ಟೆ ತೊಳೆಯುವ ಹೊರ ರಾಜ್ಯದ ಹುಡುಗನ ಕೊರಳಪಟ್ಟಿ ಹಿಡಿಯುವುದಲ್ಲ. ಅವನು ಹೊಟ್ಟೆಪಾಡಿಗೆ ಬಂದವನು. ಅವನ ಹತ್ತಿರ ನಿಧಾನವಾಗಿ ಕನ್ನಡದಲ್ಲಿ ಮಾತಾಡಿ, "ನೀರು", "ಊಟ", "ಸಾಕು", "ಎಷ್ಟು" ಎಂದು ಕಲಿಸಿ. ಕಲಿಯುತ್ತಾನೆ, ಏಕೆಂದರೆ ಅವನಿಗೆ ಗಿರಾಕಿ ಬೇಕು. ನೀವೇ ಓಡಿಹೋಗಿ ಅವನ ಭಾಷೆಗೆ ಇಳಿದರೆ ಹತ್ತು ವರ್ಷ ಇದ್ದರೂ ಅವನು ಕಲಿಯುವುದಿಲ್ಲ, ಆ ತಪ್ಪು ಅವನದಲ್ಲ. ಪ್ರಶ್ನೆ ಕೇಳುವುದಾದರೆ ಕೌಂಟರಿನಲ್ಲಿ ಕೂತ ಮಾಲೀಕನನ್ನು ಕೇಳಿ. ಧೈರ್ಯವಿದ್ದರೆ ದೊಡ್ಡವರ ಮುಂದೆ ತೋರಿಸಿ!

"ಹಳ್ಳಿ ಗುಗ್ಗು ಅಂತಾರೆ ಅಣ್ಣಾ" ಎನ್ನುವವರಿಗೂ ಉತ್ತರ ಇದೆ. ಹರಿಹರೇಶ್ವರ ದೇವಸ್ಥಾನವನ್ನು 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಅಲ್ಲಿನ ಶಾಸನಗಳಲ್ಲಿ ಕನ್ನಡ ಮೆರೆಯುತ್ತಿದೆ. ಎಂಟುನೂರು ವರ್ಷದ ಹಿಂದೆ ಕಲ್ಲಿಗೆ ಏರಿದ ಭಾಷೆ ಗುಗ್ಗುಗಳದಾಗಿದ್ದರೆ, 2008ರಲ್ಲಿ ಅದಕ್ಕೆ ಶಾಸ್ತ್ರೀಯ ಸ್ಥಾನ ಯಾಕೆ ಕೊಟ್ಟರು? ನಿಮ್ಮ ದಾವಣಗೆರೆಯ ಸೊಗಡನ್ನು ನುಂಗಬೇಡಿ. "ಹೌದಲೇ" ಎಂದರೆ ಬೆಂಗಳೂರಿನ ಆಕಾಶ ಕಳಚಿ ಬೀಳುವುದಿಲ್ಲ.

ಹೊರಡುವ ಮೊದಲು ಗೆಳೆಯರೆಲ್ಲ ಕೂತು ಒಂದೇ ಒಂದು ಕಟ್ಟಳೆ ಮಾಡಿಕೊಳ್ಳಿ: ಎರಡು ದಿನ, ಮೊದಲ ಮಾತು ಕನ್ನಡ. ಎದುರಿನವನಿಗೆ ಬಾರದಿದ್ದರೆ ಆಮೇಲೆ ನೋಡೋಣ. ಮೊಬೈಲು ಕನ್ನಡ, ಎ.ಟಿ.ಎಂ. ಕನ್ನಡ, ಲಾಡ್ಜಿನ ಪುಸ್ತಕದಲ್ಲಿ ಸಹಿ ಕನ್ನಡ. ಮರೆತವನು ಎಲ್ಲರಿಗೂ ಟೀ ಕುಡಿಸಬೇಕು. ಖರ್ಚಾಗುವುದು ಒಂದು ಸುತ್ತು ಟೀ, ಉಳಿಯುವುದು ಒಂದು ಭಾಷೆ.

ಹೋಗಿ ಬನ್ನಿ ತಮ್ಮಂದಿರೇ, ತಂಗಿಯರೇ. ಕನ್ನಡದಲ್ಲೇ ಹೋಗಿ, ಕನ್ನಡದಲ್ಲೇ ಬನ್ನಿ!